ಗೆರೆಯ ಹಿಂದಿನ ಅಂಚು

ನವೆಂಬರಿನ ಮಧ್ಯಾಹ್ನ ನಮ್ಮ ಕಾಲೇಜು ಮೈದಾನದ ಅಂಚಿನಲ್ಲಿ ನಿಂತರೆ, ಹೊತ್ತು ಎಲ್ಲಿಗೂ ಹೋಗದೆ ಅಲ್ಲೇ ಕೂತುಬಿಟ್ಟಿದೆ ಅನ್ನಿಸುತ್ತದೆ. ಪೂರ್ವಕ್ಕೆ ಧಾನ್ಯದ ಉಗ್ರಾಣದ ಬಿಳಿ ಗೋಪುರಗಳು, ಪಶ್ಚಿಮಕ್ಕೆ ಕೊಯ್ಲು ಮುಗಿದ ಜೋಳದ ಹೊಲ, ಮೇಲೆ ನೀರು ಬೆರೆಸಿದ ಹಾಲಿನಂಥ ಬಿಸಿಲು. ಇಪ್ಪತ್ತಾರು ವರ್ಷ ನಾನು ಅಲ್ಲಿ ನಿಂತಿದ್ದೆ. ಆಡುವುದಕ್ಕಲ್ಲ, ಕೂಗುವುದಕ್ಕಂತೂ ಅಲ್ಲವೇ ಅಲ್ಲ. ಸರಪಳಿ ಹಿಡಿಯುವುದಕ್ಕೆ.

ನಮ್ಮ ಕಡೆಯ ಫುಟ್‌ಬಾಲು ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೋಲಿನತ್ತ ನುಗ್ಗುವ ಆಟ. ಸರಪಳಿಗೆ ನಾವು ನಾಲ್ಕು ಜನ. ಎರಡು ಕೋಲು, ನಡುವೆ ಹತ್ತು ಗಜದ ಸರಪಳಿ. ಚೆಂಡು ಹೊರಟ ಜಾಗಕ್ಕೆ ಹಿಂದಿನ ಕೋಲು, ಅದು ಮುಟ್ಟಬೇಕಾದ ಜಾಗಕ್ಕೆ ಮುಂದಿನ ಕೋಲು. ನಾಲ್ಕು ಯತ್ನದೊಳಗೆ ತಂಡ ಆ ಹತ್ತು ಗಜ ದಾಟಿದರೆ ಸರಪಳಿ ಮುಂದಕ್ಕೆ ನಡೆಯುತ್ತದೆ, ಮತ್ತೆ ನಾಲ್ಕು ಯತ್ನ ಸಿಗುತ್ತವೆ. ದಾಟದಿದ್ದರೆ ಚೆಂಡು ಎದುರಾಳಿಯ ಪಾಲು. ಮುಂದಿನ ಕೋಲು ನನ್ನ ಗೆಳೆಯ ಡುವೇನ್‌ನದು, ಹಿಂದಿನದು ಅವನ ತಮ್ಮನದು, ಎಷ್ಟನೇ ಯತ್ನ ಎಂದು ತೋರಿಸುವ ಅಂಕಿಯ ಕಂಬ ಮಾರ್ಲಿಸಳದು. ನನ್ನದು ಕ್ಲಿಪ್ಪು.

ಬಟ್ಟೆ ಒಣಹಾಕುವ ಕ್ಲಿಪ್ಪಿನಷ್ಟೇ ದೊಡ್ಡದು, ಹಿತ್ತಾಳೆಯದು. ಮೈದಾನದ ಉದ್ದಕ್ಕೂ ಐದೈದು ಗಜಕ್ಕೊಂದು ಸುಣ್ಣದ ಗೆರೆ ಎಳೆದಿರುತ್ತಾರೆ, ನಾಲ್ಕು ಅಂಗುಲ ಅಗಲದ್ದು. ನಮಗೆಂದೇ ಅದನ್ನು ಮೈದಾನದ ಆಚೆಗೂ ಒಂದಿಷ್ಟು ಎಳೆದಿರುತ್ತಾರೆ. ಸರಪಳಿ ಅಂಥದೊಂದು ಗೆರೆಯ ಮೇಲೆ ಹಾಯುವ ಕಡೆ, ಗೆರೆಯ ಹಿಂದಿನ ಅಂಚಿಗೆ ಸರಿಯಾಗಿ, ನಾನು ಕ್ಲಿಪ್ಪು ಕಚ್ಚಿಸಬೇಕು. ಚೆಂಡು ಮುಟ್ಟಿತೋ ಇಲ್ಲವೋ ಎಂಬ ಅನುಮಾನ ಬಂದಾಗ ಸರಪಳಿಯನ್ನು ಮೈದಾನದ ನಡುವಿಗೆ ಹೊತ್ತೊಯ್ದು, ಅದೇ ಗೆರೆಯ ಹಿಂದಿನ ಅಂಚಿಗೆ ಕ್ಲಿಪ್ಪನ್ನಿಟ್ಟು, ಬಿಗಿಯಾಗಿ ಎಳೆದು ಅಳೆಯುತ್ತಾರೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಡುವೇನನ ಕೋಲನ್ನೇ ನೋಡುತ್ತಿರುತ್ತಾರೆ. ನನ್ನ ಕ್ಲಿಪ್ಪಿನ ಕಡೆ ಯಾರೂ ನೋಡುವುದಿಲ್ಲ.

ಅದು ನನ್ನ ಹೆಂಡತಿ ಲವೋನಳ ಅಪ್ಪ ಪಾಲ್ಮರ್ ಅವರಿಂದ ನನಗೆ ಬಂದದ್ದು. ಕೊಡುವಾಗ ಮಾವ ಎರಡೇ ಮಾತು ಹೇಳಿದ್ದರು. ಯಾವತ್ತೂ ಗೆರೆಯ ಹಿಂದಿನ ಅಂಚು ಎಂಬುದು ಒಂದು. ಸರಪಳಿಗೆ ಊರಿಲ್ಲ ಎಂಬುದು ಇನ್ನೊಂದು. ಸರಪಳಿ ಹಿಡಿದವರು ಚಪ್ಪಾಳೆ ತಟ್ಟುವಂತಿಲ್ಲ, ಕೈ ಎತ್ತುವಂತಿಲ್ಲ, ಕೋಚ್ ಜತೆ ಮಾತಾಡುವಂತಿಲ್ಲ. ಮಾವನ ತಮ್ಮ ಎಂದೋ ಒಮ್ಮೆ ಗೆದ್ದ ಖುಷಿಗೆ ಟೋಪಿ ಹಾರಿಸಿಬಿಟ್ಟರಂತೆ. ಆ ಟೋಪಿ ನೆಲಕ್ಕೆ ಬೀಳುವುದರೊಳಗೆ ಅವರ ಕೋಲು ಬೇರೆಯವರ ಕೈಯಲ್ಲಿತ್ತು ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ.

ನನಗೆ ಈ ನೇಮ ಕಷ್ಟವಾಗಿರಲಿಲ್ಲ. ಮೂವತ್ತು ವರ್ಷ ಉಗ್ರಾಣದಲ್ಲಿ ಧಾನ್ಯದ ಲಾರಿ ತೂಗಿದವನು ನಾನು. ಅಣ್ಣ ತಂದ ಜೋಳಕ್ಕೂ ಆಗದವನು ತಂದ ಜೋಳಕ್ಕೂ ಒಂದೇ ಮುಳ್ಳು. ಕಷ್ಟ ಶುರುವಾದದ್ದು ಗ್ರೇಡಿ ಪ್ರುಯಿಟ್ ಬಂದ ಮೇಲೆ.

ಪ್ರುಯಿಟ್ ದಕ್ಷಿಣದ ಟೆನೆಸಿಯ ಕಡೆಯವರು, ಎಲ್ಲರಿಗೂ ಸರ್ ಅನ್ನುವವರು. ಹಿರಿಯ ಕೋಚ್‌ಗೆ ರಕ್ಷಣೆಯದ್ದೇ ಚಿಂತೆ. ದಾಳಿಯನ್ನು, ಅಂದರೆ ಚೆಂಡು ನಮ್ಮ ಕೈಯಲ್ಲಿದ್ದಾಗ ಏನು ಮಾಡಬೇಕೆಂಬುದನ್ನು, ಪೂರ್ತಿ ಇವರಿಗೆ ಬಿಟ್ಟಿದ್ದರು. ಇವರಿಗೆ ಗೊತ್ತಿದ್ದದ್ದು ಒಂದೇ ದಾರಿ. ಹೋಲ್ಟನ್ ಎಂಬ ಕೋಣನಂಥ ಹುಡುಗನ ಕೈಗೆ ಚೆಂಡು ಕೊಟ್ಟು ನಟ್ಟನಡುವೆ ನುಗ್ಗಿಸುವುದು. ಮೊದಲ ಯತ್ನ ನಡುವೆ, ಎರಡನೆಯದು ನಡುವೆ, ಮೂರನೆಯದೂ ನಡುವೆಯೇ. ನಾಲ್ಕನೆಯದಕ್ಕೆ ಚೆಂಡನ್ನು ದೂರ ಒದ್ದು ಕೈತೊಳೆದುಕೊಳ್ಳುವುದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಎದುರಾಳಿಗಳಿಗೂ ಗೊತ್ತು, ಅವರ ಅಜ್ಜಿಯರಿಗೂ ಗೊತ್ತು. ಇತ್ತ ಅಂಚಿನಲ್ಲಿ ಮಟೇಯೋ ಎಂಬ ಕಡ್ಡಿಯಂಥ ಹುಡುಗ, ಜಿಂಕೆಯ ಹಾಗೆ ಓಡುವವನು, ಕೈ ಬೀಸಿ ಬೀಸಿ ಸುಮ್ಮನಾಗುತ್ತಿದ್ದ. ಅವನ ಕಡೆ ಚೆಂಡೇ ಬರುತ್ತಿರಲಿಲ್ಲ.

ನಮ್ಮ ತಂಡದ ಹೆಸರು ಕೊಕ್ಕರೆ. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ಹೋಗುವ ಕೊಕ್ಕರೆಗಳು ನಮ್ಮ ಊರ ಮೇಲೇ ಹಾದುಹೋಗುತ್ತವೆ, ಅದಕ್ಕೆ. ಕೊಕ್ಕರೆ ಒಂಟಿ ಕಾಲಲ್ಲಿ ನಿಂತರೂ ಒಂದಲ್ಲ ಒಂದು ಗಳಿಗೆ ಹಾರುತ್ತೆ, ನಮ್ಮವು ಎರಡೂ ಕಾಲಲ್ಲಿ ನಿಂತು ಹಾರಲ್ಲ ಎಂದು ಕ್ಷೌರದಂಗಡಿಯಲ್ಲಿ ನಗುತ್ತಿದ್ದರು. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕೂತಾಗ, ತಟ್ಟೆಯ ತುಂಬ ಹುಯ್ದು ಬೇಯಿಸಿದ ಸಿಹಿಯನ್ನು ಕತ್ತರಿಸುತ್ತ ಮಾರ್ಲಿಸ್, ಅಂಚು ಬೇಕೋ ಪ್ರುಯಿಟ್ ಬೇಕೋ ಎಂದು ಕೇಳುತ್ತಿದ್ದಳು. ಪ್ರುಯಿಟ್ ಎಂದರೆ ನಟ್ಟನಡುವಿನ ತುಂಡು. ಲವೋನ್ ಅಂತೂ ಪಂದ್ಯದ ದಿನ ಮೈದಾನದ ಏಳನೇ ಸಾಲಿನಲ್ಲಿ ಕೂತು, ನನಗೆ ಕೂಗಲಾಗದ್ದನ್ನೂ ಸೇರಿಸಿ ಇಬ್ಬರ ಪಾಲಿನದನ್ನು ಕೂಗುತ್ತಿದ್ದಳು.

ಪ್ರುಯಿಟ್ ನಿಲ್ಲುತ್ತಿದ್ದದ್ದು ನನ್ನಿಂದ ಹತ್ತಡಿ ದೂರ. ಐದು ವರ್ಷ, ಹತ್ತಡಿ. ಅವರಿಗೆ ಹೇಳಬೇಕಾದ ಮಾತು ನನ್ನ ಹೊಟ್ಟೆಯಲ್ಲಿ ಕೂತಿತ್ತು. ಗಡ್ಡ ಹೆರೆಯುವಾಗ ಕನ್ನಡಿಗೆ ಅದನ್ನು ಹೇಳುತ್ತಿದ್ದೆ. ಹುಲ್ಲು ಕತ್ತರಿಸುವ ಯಂತ್ರದ ಸದ್ದಿನಲ್ಲಿ ಗಟ್ಟಿಯಾಗಿಯೇ ಹೇಳುತ್ತಿದ್ದೆ. ‘ಕೋಚ್, ಹೊರಗಡೆಯಿಂದ ಹೋಗಿ. ಆ ಸಣ್ಣ ಹುಡುಗನಿಗೆ ಕೊಡಿ.’ ಇಷ್ಟೇ. ಮೈದಾನಕ್ಕೆ ಬಂದರೆ ಬಾಯಿಗೆ ಬೀಗ.

ಹೇಳಲಾಗದವನು ಏನು ಮಾಡುತ್ತಾನೆ? ಕನಸು ಕಾಣುತ್ತಾನೆ. ಸರಪಳಿ ನಿಂತಲ್ಲೇ ನಿಂತಾಗ ನನ್ನ ಕಣ್ಣು ತೆರೆದೇ ಇರುತ್ತಿತ್ತು, ನಾನು ಮಾತ್ರ ಅಲ್ಲಿರುತ್ತಿರಲಿಲ್ಲ. ಕನಸಿನಲ್ಲಿ ಚೆಂಡು ನಮ್ಮ ಗೋಲಿನ ಬುಡದಲ್ಲಿರುತ್ತಿತ್ತು. ಮಟೇಯೋ ಅಂಚಿನಲ್ಲಿ ಓಡುತ್ತಿದ್ದ. ಸರಪಳಿ ಏಳುತ್ತಿತ್ತು, ನಡೆಯುತ್ತಿತ್ತು, ಕೂರುತ್ತಿತ್ತು, ಮತ್ತೆ ಏಳುತ್ತಿತ್ತು. ನಾವು ನಾಲ್ವರೂ ಅದರ ಹಿಂದೆ ತೇಲುತ್ತಿದ್ದೆವು. ಉಗ್ರಾಣದ ಗೋಪುರಗಳು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದ್ದವು, ರೈಲಿನ ಕಿಟಕಿಯಿಂದ ನೋಡಿದ ಹಾಗೆ. ಈ ತುದಿಯಿಂದ ಆ ತುದಿಯವರೆಗೆ, ನಿಲ್ಲದೆ, ಒಂದೇ ನಡಿಗೆ. ಎಚ್ಚರದಲ್ಲಿ ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲವೂ ಆ ನಡಿಗೆ ನನಗೆ ದಕ್ಕಿರಲಿಲ್ಲ. ನಗಬೇಡಿ, ಮುದುಕನಿಗೆ ಇಂಥ ಆಸೆಯೂ ಇರುತ್ತದೆ.

ಐದನೇ ವರ್ಷದ ಅಕ್ಟೋಬರಿನಲ್ಲಿ ಪ್ರುಯಿಟ್ ಅವರನ್ನು ತೆಗೆಯಬೇಕೆಂದು ಕಾಲೇಜಿಗೆ ಒಂದು ಮನವಿ ತಯಾರಾಯಿತು. ನೆಲಮಾಳಿಗೆಯಲ್ಲಿ ಕಾಫಿಯ ಜತೆಗೇ ಕಾಗದ ಮೇಜಿಂದ ಮೇಜಿಗೆ ಹೋಯಿತು. ನೂರಾ ಹನ್ನೆರಡು ಜನ ಸಹಿ ಹಾಕಿದರು. ಮೂರನೆಯ ಹೆಸರು ನನ್ನದು, ವರ್ಲಿನ್ ಟೋರ್ಸನ್, ಓದಲು ಸುಲಭವಾಗಲೆಂದು ದುಂಡಗೆ ಬರೆದಿದ್ದೆ. ಡುವೇನ್ ಪೆನ್ನು ಮುಟ್ಟಲಿಲ್ಲ. ಸರಪಳಿ ಹಿಡಿದವನು ನೀನು, ಇದು ಬೇಡವಾಗಿತ್ತು ಅಂದ. ಮೈದಾನದಲ್ಲಿ ನನಗೆ ಬಾಯಿಲ್ಲ, ಕಾಗದದ ಮೇಲಾದರೂ ಇರಲಿ ಅಂದೆ. ಅಂದು ನನಗೆ ಅದು ಜಾಣ ಮಾತಾಗಿ ಕಂಡಿತ್ತು.

ಕೊನೆಯ ಪಂದ್ಯ ಹೊಳೆಯಾಚೆಯ ಓಕ್‌ಡೇಲ್ ಕಾಲೇಜಿನ ಮೇಲೆ. ನಾಲ್ಕು ಗೆದ್ದು ಐದು ಸೋತಿದ್ದೆವು. ಇದನ್ನು ಗೆದ್ದರೆ ಸಮಸಮ, ಪ್ರುಯಿಟ್ ಇನ್ನೊಂದು ವರ್ಷ ಉಳಿಯುತ್ತಾರೆ. ಸೋತರೆ ಗಂಟುಮೂಟೆ. ಇದು ಊರಿಗೆಲ್ಲ ತಿಳಿದ ವಿಷಯ. ಅಂದು ಬೆಳಿಗ್ಗೆ ಲವೋನ್ ಉಣ್ಣೆಯ ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ ಹಾಕಿಕೊಳ್ಳುತ್ತ, ‘ತಂಡ ಗೆಲ್ಲಲಿ. ಆ ಮನುಷ್ಯ ಮಾತ್ರ ಗೆಲ್ಲೋದ್ ಬೇಡ’ ಅಂದಳು.

‘ಎರಡೂ ಒಂದೇ ಅಲ್ವೇನೇ?’

‘ನೀನು ಸುಮ್ನೆ ಹೋಗಿ ಕ್ಲಿಪ್ ಹಾಕು. ವೇದಾಂತ ಬೇಡ.’

ಒಂದು ಗಂಟೆಗೆ ಆಟ ಶುರು. ಹಿಂದಿನ ದಿನ ಸಣ್ಣಗೆ ಹಿಮ ಬಿದ್ದು ಕರಗಿತ್ತು, ನೆಲ ತೇವವಾಗಿತ್ತು, ಬೆಳಿಗ್ಗೆ ಎಳೆದ ಸುಣ್ಣ ಇನ್ನೂ ಹಸಿಯಾಗಿತ್ತು. ನಾಲ್ಕರಲ್ಲಿ ಮೂರು ಪಾಲು ಆಟ ಎಂದಿನ ಹಾಗೇ ಹೋಯಿತು. ನಡುವೆ, ನಡುವೆ, ನಡುವೆ, ಒದೆ. ಏಳು ನಿಮಿಷ ಬಾಕಿ ಇದ್ದಾಗ ನಾವು ನಾಲ್ಕು ಅಂಕ ಹಿಂದಿದ್ದೆವು. ಚೆಂಡು ನಮ್ಮ ಗೋಲಿನಿಂದ ಮೂರೇ ಗಜ ದೂರದಲ್ಲಿ, ನಮ್ಮ ಕೈಗೆ ಬಂತು. ಗೆಲ್ಲಬೇಕಾದರೆ ಮೈದಾನವನ್ನು ಪೂರ್ತಿ ದಾಟಬೇಕು. ಜನ ಎದ್ದು ಕಾರಿನ ಕಡೆ ಹೋಗಲು ಶುರುಮಾಡಿದರು.

ಆಗ ಪ್ರುಯಿಟ್ ಒಂದು ಕೆಲಸ ಮಾಡಿದರು. ಐದು ವರ್ಷದಿಂದ ಅವರ ಕೈಯಲ್ಲಿ ಒಂದು ದಪ್ಪ ಹಾಳೆ ಇರುತ್ತಿತ್ತು, ಆಡಬೇಕಾದ ಆಟಗಳನ್ನೆಲ್ಲ ಬರೆದದ್ದು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಏಳನೇ ಸಾಲಿನಿಂದ ನನ್ನ ಹೆಂಡತಿಯ ಗಂಟಲು ಮಟೇಯೋ, ಮಟೇಯೋ ಎಂದು ಕೂಗುತ್ತಿತ್ತು. ಪ್ರುಯಿಟ್ ಆ ಕಡೆ ಒಮ್ಮೆ ತಿರುಗಿ ನೋಡಿದರು. ಹುಡುಗನನ್ನು ಕರೆದು ಅವನ ಕಿವಿಯಲ್ಲಿ ಏನೋ ಹೇಳಿದರು.

ಚೆಂಡು ಎಡಗಡೆಗೆ ಹಾರಿತು. ಮಟೇಯೋ ಅದನ್ನು ಎದೆಗೆ ಅವುಚಿಕೊಂಡು ಅಂಚಿನಲ್ಲೇ ಓಡಿದ, ನನ್ನ ಬೂಟಿನ ಮುಂದೆಯೇ, ಅವನ ಉಸಿರಿನ ಹಬೆ ನನ್ನ ಮುಖಕ್ಕೆ ತಾಗಿತು. ಹದಿಮೂರು ಗಜ. ಸರಪಳಿ ಎತ್ತಿ ಎಂದು ರೆಫರಿ ಕೈಮಾಡಿದರು.

ಎತ್ತಿದೆವು. ನಡೆದೆವು. ಇಟ್ಟೆವು. ಇಟ್ಟು ನೆಟ್ಟಗಾಗುವುದರೊಳಗೆ ಮತ್ತೆ ಎತ್ತಬೇಕಾಯಿತು. ಇನ್ನೊಂದು ಸಲ ಬಲಕ್ಕೆ, ಇನ್ನೊಂದು ಸಲ ಮಟೇಯೋಗೆ ಕೊಟ್ಟ ಹಾಗೆ ಮಾಡಿ ಬೇರೆಯವನಿಗೆ. ಕಾರಿನ ಕಡೆ ಹೋಗಿದ್ದವರು ಬೇಲಿಯ ಹತ್ತಿರ ನಿಂತುಬಿಟ್ಟರು. ನನಗೆ ಗದ್ದಲ ಕೇಳಿಸುತ್ತಿರಲಿಲ್ಲ. ಗೋಪುರಗಳು ಹಿಂದಕ್ಕೆ ಸರಿಯುತ್ತಿದ್ದವು. ಹುಲ್ಲಿನ ಮೇಲೆ ಸರಪಳಿಯ ಕೊಂಡಿಗಳು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು, ಹಾಲು ಕರೆಯುವ ಹೊತ್ತಿಗೆ ದೊಡ್ಡಿಗೆ ಬರುವ ಹಸುಗಳ ಗಂಟೆಯ ಹಾಗೆ. ಹತ್ತಡಿ ದೂರದಲ್ಲಿ ಪ್ರುಯಿಟ್ ನಮ್ಮ ಜತೆಗೇ ನಡೆಯುತ್ತಿದ್ದರು. ಅವರ ಬಾಯಿ ಸ್ವಲ್ಪ ತೆರೆದಿತ್ತು. ಅವರೂ ಎಲ್ಲೋ ಇದ್ದರು. ಐದು ವರ್ಷದಲ್ಲಿ ಮೊದಲ ಸಲ ನನಗೆ ಆ ಮನುಷ್ಯನ ಮೇಲೆ ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಪ್ರೀತಿಯಿತ್ತು.

ಆರು ಸಲ ಸರಪಳಿ ನಡೆಯಿತು. ಆರನೆಯ ಸಲ ಕೂತದ್ದು ಎದುರಾಳಿಯ ಇಪ್ಪತ್ತು ಗಜದ ಗೆರೆಯನ್ನು ಹಾಯ್ದು. ನಾನು ಕ್ಲಿಪ್ಪು ಹಾಕಲು ಬಗ್ಗಿದೆ. ಬಗ್ಗಿದಾಗ ಮೇಲಿಂದ ಸದ್ದು ಬಂತು. ಕೊಕ್ಕರೆಗಳು. ಎತ್ತರದಲ್ಲಿ, ಬಿಳಿ ಬಿಸಿಲಿನಲ್ಲಿ ಕರಗಿಹೋದಂತೆ, ಇನ್ನೂರೋ ಮುನ್ನೂರೋ, ಮರದ ಬಾಗಿಲು ಕಿರುಗುಟ್ಟಿದಂಥ ದನಿ ಮಾಡುತ್ತ ದಕ್ಷಿಣಕ್ಕೆ ಹೋಗುತ್ತಿದ್ದವು. ನಾನು ತಲೆಯೆತ್ತಿ ನೋಡುತ್ತಲೇ ಕೈಯಂದಾಜಿನಲ್ಲಿ ಕ್ಲಿಪ್ಪು ಕಚ್ಚಿಸಿದೆ. ಇಪ್ಪತ್ತಾರು ವರ್ಷದ ಕೈ, ಅದಕ್ಕೆ ಕಣ್ಣು ಬೇಡ ಅಂದುಕೊಂಡೆ.

ಮೂರು ಯತ್ನ ಆದವು. ನಾಲ್ಕನೆಯದಕ್ಕೆ ಬೇಕಾಗಿದ್ದದ್ದು ಬರೀ ಒಂದು ಮೊಳ. ಒಂದು ನಿಮಿಷ ಚಿಲ್ಲರೆ ಬಾಕಿ. ಪ್ರುಯಿಟ್ ಹೋಲ್ಟನ್ ಕಡೆ ನೋಡಿದರು. ಒಂದು ಮೊಳಕ್ಕೆ ಆ ಕೋಣ ಸಾಕು, ಕಣ್ಣುಮುಚ್ಚಿ ನಡುವೆ ಬಿದ್ದರೂ ಆಗುತ್ತಿತ್ತು. ಆದರೆ ಇಡೀ ಊರು ಎದ್ದು ನಿಂತು ಹೊರಗೆ, ಹೊರಗೆ ಎಂದು ಕೂಗುತ್ತಿತ್ತು. ನನ್ನ ಹೊಟ್ಟೆಯೊಳಗೂ ಅದೇ. ಪ್ರುಯಿಟ್ ಊರಿನ ಮಾತು ಕೇಳಿದರು. ಮಟೇಯೋ ಚೆಂಡು ಹಿಡಿದು ಹೊರಗಿಂದ ಸುತ್ತಿ ಬಂದ. ಇಬ್ಬರು ಅವನ ಕಾಲಿಗೆ ಬಿದ್ದರು, ಅವನು ಬೀಳುತ್ತ ಕೈ ಚಾಚಿದ. ಮುಟ್ಟಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಅಳೆಯಬೇಕು ಎಂದು ರೆಫರಿ ಕರೆದರು. ಸ್ಟೆನ್‌ಬರ್ಗ್ ಎಂಬ ಗಡಿರೇಖೆಯ ರೆಫರಿ ಬಂದು ಕ್ಲಿಪ್ಪನ್ನು ಬೆರಳಲ್ಲಿ ಹಿಡಿದು, ನಿಯಮದಂತೆ ನನ್ನನ್ನು ಕೇಳಿದರು. ‘ಹಿಂದಿನ ಅಂಚು ತಾನೆ?’ ನಾನು ನಿಯಮದಂತೆ ತಲೆಯಾಡಿಸಿದೆ. ನಾವು ಸರಪಳಿಯನ್ನು ನಡುವಿಗೆ ಒಯ್ದೆವು. ಸ್ಟೆನ್‌ಬರ್ಗ್ ಕ್ಲಿಪ್ಪನ್ನು ಗೆರೆಯ ಹಿಂದಿನ ಅಂಚಿಗೆ ಇಟ್ಟರು. ಡುವೇನ್ ಕೋಲು ಎಳೆದು ನೆಟ್ಟ. ಚೆಂಡಿನ ಮೂಗು ಕೋಲನ್ನು ದಾಟಿ ಒಂದು ಅಂಗುಲ ಆಚೆಗಿತ್ತು. ಮುಖ್ಯ ರೆಫರಿ ತೋಳು ಚಾಚಿ ಮುಂದಕ್ಕೆ ತೋರಿಸಿದರು.

ಆಮೇಲೆ ಒಂದೆರಡು ಗಳಿಗೆ ನಾನು ಎಲ್ಲಿದ್ದೆನೋ ನನಗೆ ಗೊತ್ತಿಲ್ಲ. ಬೆಳಕಿತ್ತು, ಅಷ್ಟೇ ನೆನಪು. ಮತ್ತೆ ಕೆಳಗೆ ನೋಡಿದಾಗ ಸರಪಳಿ ಕಂಡಿತು.

ಕೊಂಡಿಗಳ ಮೇಲೆ ಹಸಿ ಸುಣ್ಣ ಹತ್ತಿತ್ತು. ಹಳೆಯ ಗುರುತೆಲ್ಲ ತೇವದ ಹುಲ್ಲಿಗೆ ಒರೆಸಿಹೋಗಿತ್ತು. ಇದೊಂದು ಹೊಸದು, ನಾಲ್ಕು ಅಂಗುಲ ಉದ್ದ, ಅಂಚಿನಲ್ಲಿದ್ದಾಗ ಇಪ್ಪತ್ತರ ಗೆರೆಯ ಮೇಲೆ ಮಲಗಿದ್ದ ತುಂಡು. ಆ ಬಿಳಿಯ ಹಿಂದಿನ ತುದಿಯಲ್ಲಿ ಇರಬೇಕಾಗಿದ್ದ ನನ್ನ ಕ್ಲಿಪ್ಪು ಮುಂದಿನ ತುದಿಯಲ್ಲಿತ್ತು. ನಾಲ್ಕು ಅಂಗುಲ ತಪ್ಪು. ಕೋಲು ನಾಲ್ಕು ಅಂಗುಲ ಹಿಂದಕ್ಕೆ ಬಂದು ಕೂತಿತ್ತು. ಒಂದು ಅಂಗುಲ ಗೆದ್ದಿರಲಿಲ್ಲ, ಮೂರು ಅಂಗುಲ ಸೋತಿದ್ದೆವು.

ಅದು ನನಗೊಬ್ಬನಿಗೇ ಗೊತ್ತು. ಇನ್ನು ಮೂರು ಉಸಿರಿನಲ್ಲಿ ಸರಪಳಿ ಎದ್ದರೆ ಮುಗಿಯಿತು, ಮತ್ತೆ ಯಾರೂ ಕೇಳುವುದಿಲ್ಲ.

ಹೇಳಬೇಕು ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ನನ್ನ ಕಾಲು ಕಟ್ಟಿಹಾಕಿದ್ದು ಬೇರೆ. ಮೂರನೆಯ ಹೆಸರು, ದುಂಡಗಿನ ಅಕ್ಷರ. ಈ ಮಾತು ನನ್ನ ಬಾಯಿಂದ ಬಿದ್ದ ಕೂಡಲೇ ಪ್ರುಯಿಟ್ ಕೆಲಸ ಹೋಗುತ್ತದೆ, ನಾನೇ ಬರೆದು ಕೇಳಿಕೊಂಡಿದ್ದ ಹಾಗೆ. ಹಾಗಾದರೆ ಇದು ನೇರ ನಡತೆಯೋ ಹಗೆಯೋ? ಲಾರಿಗಟ್ಟಲೆ ಧಾನ್ಯ ತೂಗಿದವನಿಗೆ ತನ್ನ ಎದೆಯೊಳಗಿನ ಒಂದು ಹಿಡಿ ತೂಗಲಾಗಲಿಲ್ಲ. ಹತ್ತಿರ ಹೋಗಿ ಹೇಳಿದೆ. ‘ಸ್ಟೆನ್‌ಬರ್ಗ್, ಕ್ಲಿಪ್ ತಪ್ಪಾಗಿದೆ. ಮುಂದಿನ ಅಂಚಿಗೆ ಹಾಕ್ಬಿಟ್ಟೆ. ತಪ್ಪು ನನ್ನದು. ಸುಣ್ಣ ನೋಡಿ.’

ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಕ್ಲಿಪ್ಪು ಬಿಚ್ಚಿ ಬಿಳಿಯ ಹಿಂದಿನ ತುದಿಗೆ ಹಾಕಿ ಮತ್ತೆ ಎಳೆಸಿದರು. ಚೆಂಡಿಗೂ ಕೋಲಿಗೂ ನಡುವೆ ಮೂರು ಅಂಗುಲ ಜಾಗ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚೆಂಡು ಓಕ್‌ಡೇಲ್ ಪಾಲಾಯಿತು, ಅದರ ಜತೆಗೆ ಪಂದ್ಯವೂ. ಮೈದಾನ ತಣ್ಣಗಾಯಿತು. ಐದು ವರ್ಷ ಬಾಯಿಮುಚ್ಚಿ ನಿಂತವನು ಮೊದಲ ಸಲ ಬಾಯಿ ತೆಗೆದದ್ದು ಇದಕ್ಕೆ. ನಾನು ಪ್ರುಯಿಟ್ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅಂಚಿಗೆ ವಾಪಸು ಬಂದ ಮೇಲೆ ಮಾರ್ಲಿಸ್ ನನ್ನ ಟೋಪಿ ತಂದುಕೊಟ್ಟಳು, ಮೈದಾನದ ನಡುವೆ ಬಿದ್ದಿತ್ತಂತೆ. ಗಾಳಿಗೆ ಹಾರಿರಬೇಕು ಅಂದುಕೊಂಡೆ.

ಭಾನುವಾರ ಪ್ರುಯಿಟ್ ಅವರನ್ನು ತೆಗೆದರು ಎಂಬ ಸುದ್ದಿ ಕಾಫಿಗಿಂತ ಮುಂಚೆ ನೆಲಮಾಳಿಗೆ ತಲುಪಿತ್ತು. ಕೆಲವರು ನನ್ನಿಂದ ಮುಖ ತಿರುಗಿಸಿದರು. ಅದನ್ನು ತಡೆದುಕೊಳ್ಳಬಹುದಾಗಿತ್ತು. ಉಳಿದವರು ಬೆನ್ನು ತಟ್ಟಿದರು. ಒಬ್ಬ ಕಣ್ಣು ಮಿಟುಕಿಸಿ, ‘ಉಳಿದ ನೂರ ಹನ್ನೊಂದು ಸಹಿ ಕೈಲಾಗದ್ದನ್ನ ನಿನ್ನ ಕ್ಲಿಪ್ ಮಾಡ್ತಪ್ಪ’ ಅಂದ. ನನ್ನ ತಟ್ಟೆಗೆ ಯಾರೋ ಅಂಚಿನ ತುಂಡು ಎರಡು ಹಾಕಿದರು. ತಟ್ಟೆಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಎದ್ದೆ.

ಲವೋನ್ ಎರಡು ದಿನ ಆ ಮಾತೆತ್ತಲಿಲ್ಲ. ಸೋಮವಾರ ಸಂಜೆ ತಟ್ಟೆ ಒರೆಸುತ್ತ ಕೇಳಿದಳು. ‘ಬಯ್ಯಲ್ಲ, ನಿಜ ಹೇಳು. ಅವರನ್ನ ಕಳಿಸ್ಬೇಕು ಅಂತ ಮಾಡಿದ್ಯಾ?’

‘ಗೊತ್ತಿಲ್ಲ ಕಣೇ’ ಅಂದೆ. ಇಡೀ ಬದುಕಿನಲ್ಲಿ ಅವಳಿಗೆ ಅಷ್ಟು ನಾಚಿಕೆಯಿಂದ ಉತ್ತರ ಕೊಟ್ಟಿರಲಿಲ್ಲ.

ವರ್ಷದ ಕೊನೆಯ ಪಂದ್ಯ ಆದಮೇಲೆ ಸರಪಳಿ ತೊಳೆದು, ಎಣ್ಣೆ ಹಚ್ಚಿ, ಮೊಳೆಗೆ ತೂಗುಹಾಕುವುದು ಕ್ಲಿಪ್ಪಿನವನ ಕೆಲಸ. ಮಂಗಳವಾರ ಮಧ್ಯಾಹ್ನ ಮೈದಾನದ ಮೂಲೆಯ ಸಾಮಾನು ಕೊಟ್ಟಿಗೆಯಲ್ಲಿ ಬಕೆಟ್ಟು ಇಟ್ಟುಕೊಂಡು ಕೂತಿದ್ದೆ. ಒಂದೊಂದೇ ಕೊಂಡಿ ಉಜ್ಜುತ್ತ ಬಂದು, ಆ ನಾಲ್ಕು ಅಂಗುಲದ ಹತ್ತಿರ ಕೈ ನಿಂತಿತ್ತು. ಸುಣ್ಣ ಒಣಗಿ ಗಟ್ಟಿಯಾಗಿತ್ತು. ಬಾಗಿಲಲ್ಲಿ ನೆರಳು ಬಿತ್ತು. ಪ್ರುಯಿಟ್. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರ ಮೇಲೆ ಒಂದು ಜತೆ ಬೂಟು.

‘ಮಿಸ್ಟರ್ ಟೋರ್ಸನ್ ಅಲ್ವಾ? ಆ ಮನವೀಲಿ ಮೂರನೇ ಹೆಸರು.’

ಹೌದು ಅಂದೆ.

‘ಅಕ್ಷರ ಚೆನ್ನಾಗಿದೆ ಸರ್.’

ಅದರಲ್ಲಿ ಕುಹಕ ಇದೆಯೇ ಎಂದು ಮುಖ ನೋಡಿದೆ. ಇರಲಿಲ್ಲ, ದಣಿವಿತ್ತು. ಅವರು ಪೆಟ್ಟಿಗೆ ಕೆಳಗಿಟ್ಟು ಮಂಡಿಯೂರಿ ಸರಪಳಿ ಕೈಗೆ ತೆಗೆದುಕೊಂಡರು. ಬಿಳಿಯ ಎರಡೂ ತುದಿಗೆ ಹೆಬ್ಬೆರಳು ಇಟ್ಟು ನೋಡಿದರು. ಇಷ್ಟೇನಾ ಅಂದರು, ಇಷ್ಟೇ ಅಂದೆ. ಆ ಗೆರೆ ತೋರಿಸಿ ಅಂದರು. ಇಬ್ಬರೂ ಮೈದಾನಕ್ಕೆ ನಡೆದೆವು. ಯಾರೂ ಇರಲಿಲ್ಲ. ಖಾಲಿ ಸಾಲುಗಳಲ್ಲಿ ಗಾಳಿ ಓಡಾಡುತ್ತಿತ್ತು. ಇಪ್ಪತ್ತರ ಗೆರೆಯ ಹತ್ತಿರ ನಿಂತು ಅವರು ಬೂಟಿನ ತುದಿಯಿಂದ ಹಿಂದಿನ ಅಂಚನ್ನು ಮುಟ್ಟಿದರು, ಮುಂದಿನದನ್ನು ಮುಟ್ಟಿದರು.

‘ನಾನಲ್ದೆ ಬೇರೆ ಯಾರಾದ್ರೂ ಇದ್ದಿದ್ರೂ ಹೇಳ್ತಿದ್ರಾ, ಸರ್?’

‘ಮೂರು ದಿನದಿಂದ ಅದನ್ನೇ ತೂಗ್ತಿದೀನಿ. ಮುಳ್ಳು ನಿಲ್ತಾನೇ ಇಲ್ಲ.’

ಅವರು ಗೆರೆಯನ್ನೇ ನೋಡುತ್ತ ಹೇಳಿದರು. ‘ಅಳೆಯೋವಾಗ ಎಲ್ರೂ ಚೆಂಡು ನೋಡ್ತಿದ್ರು. ನಂಗೆ ಧೈರ್ಯ ಬರ್ಲಿಲ್ಲ. ಎಲ್ಲಾದ್ರೂ ನೋಡ್ಬೇಕಲ್ಲ, ನಿಮ್ಮನ್ನ ನೋಡ್ತಿದ್ದೆ. ರೆಫರಿ ಕೈ ಮುಂದಕ್ಕೆ ಮಾಡಿದ್ರಲ್ಲ, ಆಗ ನೀವು ಎರಡೂ ಕೈ ಮೇಲೆತ್ತಿದ್ರಿ.’

‘ಇಲ್ಲ. ನಾವು ಕೈ ಎತ್ತೋ ಹಾಗಿಲ್ಲ.’

‘ಎತ್ತಿದ್ರಿ ಸರ್. ಕುಣಿದ್ರಿ ಅಂತ್ಲೇ ಹೇಳ್ಬಹುದು. ಟೋಪಿ ಬಿತ್ತು. ಈ ಮೂರನೇ ಹೆಸರಿನವ್ರು ನನಗೋಸ್ಕರ ಕೈ ಎತ್ತಿದಾರಲ್ಲ ಅಂದ್ಕೊಂಡೆ. ಆಮೇಲೆ ನೀವು ಕೆಳಗೆ ನೋಡಿದ್ರಿ, ಕೈ ಇಳಿಸಿದ್ರಿ, ಹೋಗಿ ಹೇಳಿದ್ರಿ.’

ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಕೂತೆ ಕೂಡ, ತಣ್ಣನೆಯ ಹುಲ್ಲಿನ ಮೇಲೆ. ಟೋಪಿ ಗಾಳಿಗೆ ಹಾರಿರಲಿಲ್ಲ. ಆ ಬೆಳಕು, ಆ ಎರಡು ಗಳಿಗೆ. ನನ್ನ ಎದೆಯಲ್ಲಿ ಏನಿತ್ತು ಎಂದು ನನಗೆ ಗೊತ್ತಿರಲಿಲ್ಲ, ನನ್ನ ಕೈಗೆ ಗೊತ್ತಿತ್ತು. ಈ ಮನುಷ್ಯ ಗೆಲ್ಲಲಿ ಎಂದೇ ನಾನು ಬಯಸಿದ್ದೆ. ಬಯಸಿಯೂ ಹೋಗಿ ಹೇಳಿದ್ದೆ. ಕಣ್ಣು ತುಂಬಿತು. ಅಡಗಿಸಲಿಕ್ಕೂ ಹೋಗಲಿಲ್ಲ.

‘ನಾನು ಯಾರಿಗೂ ಹೇಳಲ್ಲ. ಗೊತ್ತಾದ್ರೆ ನಿಮ್ಮ ಕ್ಲಿಪ್ ಕಿತ್ಕೊಳ್ತಾರೆ’ ಅಂದರು ಪ್ರುಯಿಟ್, ಕೈಕೊಟ್ಟು ಎಬ್ಬಿಸುತ್ತ.

ಕೊನೆಗೂ ನಾವಿಬ್ಬರೇ ಇದ್ದೆವು, ಹತ್ತಡಿಯೂ ಇರಲಿಲ್ಲ, ನೇಮವೂ ಇರಲಿಲ್ಲ. ಐದು ವರ್ಷದಿಂದ ಕಾದಿಟ್ಟ ಮಾತು ಹೇಳಬಹುದಾಗಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. ‘ಕೋಚ್, ಆ ನಾಲ್ಕನೇದಕ್ಕೆ ಹೋಲ್ಟನ್‌ಗೆ ಕೊಟ್ಟು ನಡುವೇನೇ ಹೋಗ್ಬೇಕಿತ್ತು.’

ಪ್ರುಯಿಟ್ ನನ್ನನ್ನು ನೋಡಿದರು. ಆಮೇಲೆ ನಗತೊಡಗಿದರು, ಪೂರ್ತಿ ಬಗ್ಗಿ, ಮಂಡಿ ಹಿಡಿದುಕೊಂಡು. ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಗೋಲಿನ ಕಡೆ ತಲೆ ಆಡಿಸಿ ತೋರಿಸಿದರು. ಇನ್ನು ಉಳಿದಿದ್ದದ್ದು ಇಪ್ಪತ್ತೇ ಗಜ. ಇಬ್ಬರೂ ನಡೆದೆವು. ಹದಿನೈದರ ಗೆರೆ, ಹತ್ತರದು, ಐದರದು. ಉಗ್ರಾಣದ ಗೋಪುರಗಳು ನಿಧಾನವಾಗಿ ಹಿಂದಕ್ಕೆ ಸರಿದವು. ಗೋಲಿನ ಗೆರೆ ದಾಟಿದ ಮೇಲೆ ಅವರು ನನ್ನ ಕೈಕುಲುಕಿ, ಸರ್ ಅಂದು, ಪೆಟ್ಟಿಗೆ ತರಲು ಹೋದರು.

ಕೊಟ್ಟಿಗೆಗೆ ಬಂದು ಆ ನಾಲ್ಕು ಅಂಗುಲ ತೊಳೆದೆ. ಸಂಜೆ ಮಾರ್ಲಿಸಳ ಮನೆಗೆ ಹೋಗಿ ಕ್ಲಿಪ್ಪು ಅವಳ ಕೈಯಲ್ಲಿಟ್ಟೆ, ಮಾವ ಹೇಳಿದ್ದ ಎರಡೂ ಮಾತು ಹೇಳಿದೆ. ಯಾಕೆ ಎಂದು ಕೇಳಿದಳು. ಸರಪಳಿಗೆ ಊರಿಲ್ಲ, ನನಗೆ ಇದೆ, ಅದಕ್ಕೆ ಅಂದೆ. ಆಮೇಲೆ ಮನೆಗೆ ಹೋಗಿ ಲವೋನಳಿಗೆ ಅವಳ ಪ್ರಶ್ನೆಯ ಉತ್ತರ ಹೇಳಿದೆ.

ಮುಂದಿನ ಸೆಪ್ಟೆಂಬರಿನಲ್ಲಿ ಏಳನೇ ಸಾಲಿನಲ್ಲಿ ಅವಳು ನನಗೆ ಜಾಗ ಮಾಡಿಕೊಟ್ಟಳು. ಹೊಸ ದಾಳಿ ಕೋಚ್ ಬಂದಿದ್ದರು, ಚೆಂಡನ್ನು ಹೊರಗಡೆಗೆ ಬಿಟ್ಟು ಬೇರೆಲ್ಲಿಗೂ ಕಳಿಸದವರು. ಒಂದು ಮೊಳ ಬೇಕಾದಾಗಲೂ ಹೊರಗೇ ಕಳಿಸಿದರು, ಸಿಗಲಿಲ್ಲ. ಲವೋನ್ ‘ನಡುವೆ ಹೋಗ್ರೋ’ ಎಂದು ಕೂಗಿದಳು, ಊರೆಲ್ಲ ಕೂಗಿತು. ಮುಂದಿನ ಸಲ ಅಂತೂ ಚೆಂಡು ದಾಟಿತು. ಕೆಳಗೆ ಅಂಚಿನಲ್ಲಿ ಮಾರ್ಲಿಸ್ ಕಣ್ಣು ಕಿರಿದು ಮಾಡಿ ಬಗ್ಗಿ, ಗೆರೆ ನೋಡಿ, ಕ್ಲಿಪ್ಪು ಕಚ್ಚಿಸಿದಳು. ನನ್ನ ಎರಡೂ ಕೈ ತಾವಾಗಿ ಮೇಲೆ ಹೋದವು. ಈ ಸಲ ನಾನು ಕೆಳಗೆ ನೋಡಲಿಲ್ಲ.